ಸೋತ ದಾವೆಯ ಖರ್ಚು

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಾವೆಲ್ಲ ಊರಿನಿಂದ ಬರುವಾಗಲೇ ಬುತ್ತಿಯೊಡನೆ ಕಟ್ಟಿಕೊಂಡು ಬಂದಿದ್ದೇವೆ. ಗಾದೆಯ ಮೊದಲರ್ಧ ಹೇಗಾದರೂ ಇರಲಿ. ಎರಡನೆಯ ಅರ್ಧವನ್ನು ಪೂರ್ತಿ ನಂಬಬೇಕಾಗಿಲ್ಲ. ಅದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಕಳೆದ ಮಳೆಗಾಲದಲ್ಲಿ ವಿಜಯಪುರದ ಕಡೆಯ ಬಂಧುವೊಬ್ಬರು ಹೆಂಡತಿಯೊಡನೆ ಸೂರತ್ತಿನಿಂದ ನಮ್ಮ ವಾಚನಾಲಯಕ್ಕೆ ಬಂದರು. ಅಲ್ಲಿನ ಬಣ್ಣದ ಕಾರಖಾನೆಯೊಂದರಲ್ಲಿ ಯಂತ್ರಕ್ಕೆ ಸಿಕ್ಕು ಅವರ ಬಲಗೈಯ ಎರಡು ಬೆರಳು ಹೋಗಿದ್ದವು. ಮಾಲಿಕನಿಂದ ಪರಿಹಾರ ಕೇಳಿದ ಅರ್ಜಿ ವಜಾ ಆಗಿತ್ತು. ವಕೀಲರಿಗೆ 18,000 ರೂಪಾಯಿ ಬಾಕಿ. ಅದನ್ನು ಕೊಡುವ ತನಕ ಕಾಗದಪತ್ರ ಸಿಗುವುದಿಲ್ಲವೆಂದು ಹೇಳಿದ್ದರಂತೆ. ಸೋತವನೇ ಕಂಪನಿಯ ಖರ್ಚನ್ನೂ ತುಂಬಬೇಕೆಂದು ಯಾರೋ ಬೇರೆ ಹೆದರಿಸಿದ್ದರು.

"ಅಣ್ಣಾರ, ಬೆರಳೂ ಹೋದುವು, ಕೇಸೂ ಹೋತು. ಇನ್ನ ಉಳದದ್ದು ಅಂದ್ರ ಈಕಿ ಕೊರಳಾಗಿನ ತಾಳಿ," ಎಂದರು.

ನಮಗೆ ತಲೆ ಎತ್ತಲಾಗಲಿಲ್ಲ. ಅವರ ಮೊದಲ ಅರ್ಜಿಯನ್ನು ಬರೆದುಕೊಟ್ಟವರು ನಾವೇ. ಇ.ಎಸ್.ಐ. ಚೀಟಿ ಇದೆಯೇ ಎಂಬ ಒಂದು ಮಾತನ್ನು ಅಂದು ಕೇಳಿರಲಿಲ್ಲ. ಆ ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು, ಸಾಲವನ್ನು ವಿಂಗಡಿಸುವುದು. ನಮ್ಮ ವಕೀಲರ ಫೀಸು ಬೇರೆ, ಎದುರುದಾರರಿಗೆ ಕೊಡಬೇಕಾದ ಖರ್ಚು ಬೇರೆ, ಕೈಗಡ ಬೇರೆ. ಎದುರುದಾರರ ಖರ್ಚು ತಾನಾಗಿ ತಲೆಯ ಮೇಲೆ ಬೀಳುವುದಿಲ್ಲ. ಹುಕುಮಿನಲ್ಲಿ ಬರೆದಿದ್ದರೆ ಮಾತ್ರ ಕೊಡಬೇಕು. ಈ ಬಂಧುವಿನ ಹುಕುಮಿನ ಪ್ರತಿ ತರಿಸಿ ಕೊನೆಯ ಸಾಲನ್ನು ಓದಿದೆವು. ಖರ್ಚಿನ ಬಗ್ಗೆ ಹುಕುಮು ಇಲ್ಲ ಎಂದಿತ್ತು. ಎಂದರೆ ಅವರವರ ಖರ್ಚು ಅವರವರದು. ಇಲ್ಲದ ಸಾಲಕ್ಕೆ ತಾಳಿ ಒತ್ತೆಗೆ ಹೋಗುವುದರಲ್ಲಿತ್ತು!

ಎರಡನೆಯದು, ವಕೀಲರ ಬಾಕಿ. ಫೀಸು ಬಾಕಿಯಿದೆಯೆಂದು ಕಕ್ಷಿದಾರನ ಕಾಗದಗಳನ್ನು ವಕೀಲರು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ತೀರ್ಪು ಕೊಟ್ಟಿದೆ. ಬರುವ ಪರಿಹಾರದಲ್ಲಿ ಶೇಕಡಾ ಇಷ್ಟು ಪಾಲು ಎಂಬ ಕರಾರೂ ನಿಲ್ಲದೆಂದು 2017ರಲ್ಲಿ ಹೇಳಿದೆ. ಹಾಗೆಂದು ಮಾಡಿದ ಕೆಲಸಕ್ಕೆ ಒಪ್ಪಿದ ಫೀಸನ್ನು ತಪ್ಪಿಸಬಾರದು. ಕೊಟ್ಟದ್ದೆಷ್ಟು, ಬಾಕಿಯೆಷ್ಟು ಎಂಬ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಬೇಕು. ಕಂತು ಕಟ್ಟಿಸಿಕೊಂಡು ಪ್ರತಿ ಕಂತಿಗೂ ರಸೀದಿ ಪಡೆಯಬೇಕು. ಬಡ್ಡಿಯವನಿಂದ ತಂದು ಒಂದೇ ಸಲ ತೀರಿಸಿದರೆ ಚಿಕ್ಕ ಸಾಲ ದೊಡ್ಡದಾಗುತ್ತದೆ.

ಮೂರನೆಯದು, ಜಪ್ತಿಯ ಭಯ. ದಿವಾಣಿ ಕೋರ್ಟು ಖರ್ಚಿಗಾಗಿ ಡಿಕ್ರಿ ಮಾಡಿದರೂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಬಡವನಿಗೆ ಬೇಲಿಯಾಗಿದೆ. ಕೂಲಿಕಾರರ ಕೂಲಿ, ಭವಿಷ್ಯ ನಿಧಿ, ಉಡುವ ಬಟ್ಟೆ, ಹಾಸಿಗೆ, ಅಡಿಗೆಯ ಪಾತ್ರೆ, ಕುಶಲಕರ್ಮಿಯ ಹತ್ಯಾರ, ಧರ್ಮಾಚಾರದಂತೆ ಹೆಂಗಸು ತೆಗೆಯಬಾರದ ಆಭರಣ, ಇವು ಜಪ್ತಿಗೆ ಒಳಪಡುವುದಿಲ್ಲ. ಕಾರಕೂನರ ಪಗಾರದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಸುರಕ್ಷಿತ. ಪಗಾರ 16,000 ಇದ್ದರೆ 11,000 ಮುಟ್ಟುವಂತಿಲ್ಲ. ಉಳಿದ 5,000ಕ್ಕೂ ಒಂದೇ ಡಿಕ್ರಿಯಲ್ಲಿ ಒಟ್ಟು 24 ತಿಂಗಳ ಮಿತಿಯುಂಟು. ಕೈಯಲ್ಲಿ ಹಣವಿದ್ದೂ ಬಚ್ಚಿಟ್ಟವನ ಮಾತು ಬೇರೆ. ನಿಜವಾಗಿ ಕೊಡಲಾರದವನನ್ನು ಕೇವಲ ಸಾಲಕ್ಕಾಗಿ ಸೆರೆಗೆ ಹಾಕಬಾರದೆಂದು 1980ರಲ್ಲಿಯೇ ತೀರ್ಪಾಗಿದೆ.

ನಾಲ್ಕನೆಯದು ನಾವು ಮೊದಲೇ ತಿಳಿದಿರಬೇಕಾಗಿದ್ದದ್ದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಕೈಗಾರಿಕೆಯ ಕೆಲಸಗಾರರು, ಹೆಂಗಸರು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೇಳಬಹುದು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳಲ್ಲಿ ಜಿಲ್ಲಾ ಪ್ರಾಧಿಕಾರದ ಕಚೇರಿಗಳಿವೆ. ಫೋನು 15100, ಕರೆಗೆ ದುಡ್ಡಿಲ್ಲ. ಸೋತ ಮೇಲೆಯೂ ಹೋಗಬಹುದು. ಆದರೆ ಅಪೀಲಿಗೆ ದಿನಗಳ ಲೆಕ್ಕವಿರುವುದರಿಂದ ಹುಕುಮು ಕೈಗೆ ಬಂದ ವಾರದಲ್ಲಿಯೇ ಹೋಗುವುದು ಮೇಲು.

ಇನ್ನು ಇ.ಎಸ್.ಐ. ವಿಷಯ. ಈ ಬಂಧುವಿನ ಪಗಾರದಿಂದ ಇ.ಎಸ್.ಐ. ವಂತಿಗೆ ಕಡಿತವಾಗುತ್ತಿತ್ತು. ಅಂಥವರು ಮಾಲಿಕನಿಂದ ಪರಿಹಾರ ಕೇಳುವಂತಿಲ್ಲ, ಇ.ಎಸ್.ಐ. ನಿಗಮದಿಂದಲೇ ಅಂಗವೈಕಲ್ಯದ ಹಣ ಪಡೆಯಬೇಕು. 1923ರ ಪರಿಹಾರ ಕಾಯಿದೆ ಮತ್ತು 1948ರ ಇ.ಎಸ್.ಐ. ಕಾಯಿದೆಗಳ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಏರ್ಪಾಡು ಹಾಗೆಯೇ ಇದೆ. ಅರ್ಜಿ ಸೋತದ್ದು ಇದೇ ಕಾರಣಕ್ಕೆ. ಬೆರಳು ಹೋದದ್ದು ಸುಳ್ಳೆಂದು ಯಾರೂ ಹೇಳಲಿಲ್ಲ. ತಟ್ಟಿದ ಬಾಗಿಲು ತಪ್ಪಾಗಿತ್ತು, ಅಷ್ಟೆ.

ದಾವೆ ಸೋತವರು ನಾಚಬೇಕಾಗಿಲ್ಲ. ಇದೇ ಗುಜರಾತಿನ ಪೋರಬಂದರದಲ್ಲಿ 1952ರ ಜೂನ್ 12ರಂದು ಉಪ್ಪಿನ ಕೆಲಸಗಾರರು ಮನೆಗೆ ಮರಳುವಾಗ ಹಳ್ಳದಲ್ಲಿ ದೋಣಿ ಮಗುಚಿ ಕೆಲವರು ಮುಳುಗಿದರು. ಅವರ ಮನೆಯವರು ಕೆಳಗೆ ಗೆದ್ದರೂ 1958ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತರು. ಆ ಹಳ್ಳ ಕೆಲಸದ ಸ್ಥಳವಲ್ಲವೆಂದು ತೀರ್ಪಾಯಿತು. ಇಂದಿನ ಸಂಹಿತೆಯಾದರೋ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ, ಕೆಲಸದೊಡನೆ ಅದರ ಸಂಬಂಧ ತೋರಿಸಿದರೆ, ಒಪ್ಪುತ್ತದೆ. ಅಂದು ಸೋತವರ ಸಂಕಟ ಸುಳ್ಳಾಗಿರಲಿಲ್ಲ.

ನಮ್ಮ ಬಂಧುವಿನ ಪರವಾಗಿ ವಕೀಲರಿಗೆ ವಿನಯದಿಂದಲೇ ಒಂದು ಪತ್ರ ಬರೆದೆವು. ಕಾಗದಗಳು ಮರಳಿ ಬಂದವು. ಬಾಕಿಗೆ ತಿಂಗಳಿಗೆ 1,500ರಂತೆ ಹನ್ನೆರಡು ಕಂತು ಗೊತ್ತಾಯಿತು. ಇ.ಎಸ್.ಐ. ಕಚೇರಿಗೆ ಅರ್ಜಿ ಹೋಗಿದೆ. ವೈದ್ಯಮಂಡಳಿಯ ತಪಾಸಣೆ ಇನ್ನೂ ಆಗಬೇಕು.

ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೆ. ಪೆಟ್ಟಾದ ದಿನದ ದವಾಖಾನೆಯ ಚೀಟಿ, ಪಗಾರದ ಚೀಟಿ, ಇ.ಎಸ್.ಐ. ನಂಬರು, ಕೋರ್ಟಿನ ಹುಕುಮು, ವಕೀಲರ ರಸೀದಿ, ಈ ಐದನ್ನೂ ಒಂದೇ ಚೀಲದಲ್ಲಿಡಿ. ರವಿವಾರ ಅದನ್ನು ತೆಗೆದುಕೊಂಡು ವಾಚನಾಲಯಕ್ಕೆ ಬನ್ನಿ. ಈ ಸಲ ಕೇಳಬೇಕಾದ್ದನ್ನು ಕೇಳಿಯೇ ನಾವು ಲೇಖನಿ ಹಿಡಿಯುತ್ತೇವೆ.