ಬೇಸ್ ಗಿಟಾರ್ ಕಿಟ್: ಮೊದಲು ಜೋಡಿಸಿ, ಪಾಲಿಶ್ ಆಮೇಲೆ

ಅಹಮದಾಬಾದಿನ ವಸ್ತ್ರಾಪುರ ಕೆರೆಯ ಸುತ್ತಲಿನ ಸೊಸೈಟಿಗಳಲ್ಲಿ ಜುಲೈ ಬಂತೆಂದರೆ ಒಂದು ತಪ್ಪು ತಪ್ಪದೆ ನಡೆಯುತ್ತದೆ. ಕಾಲೇಜು ಸೇರಿದ ಹುಡುಗರು ಆನ್‌ಲೈನ್‌ನಲ್ಲಿ ಬೇಸ್ ಗಿಟಾರ್ ಕಿಟ್ ತರಿಸುತ್ತಾರೆ. ನವರಾತ್ರಿಗೆ ವೇದಿಕೆ ಹತ್ತುವ ಆಸೆ. ಪೆಟ್ಟಿಗೆ ಒಡೆದ ದಿನವೇ ಗಿಟಾರಿನ ಬಾಡಿ ಮೇಲೆ ಲ್ಯಾಕರ್ ಹೊಡೆಯುತ್ತಾರೆ, ಹೊರಗೆ ಜಿಟಿಜಿಟಿ ಮಳೆ. ಸಂಜೆಗೆ ಬಾಡಿಯ ತುಂಬ ಬಿಳಿ ಮಬ್ಬು. ಅದನ್ನು ಉಜ್ಜಿ ತೆಗೆದು, ಮತ್ತೆ ಹೊಡೆದು, ಅಂತೂ ಜೋಡಿಸಲು ಕೂತರೆ ನೆಕ್ ತನ್ನ ಗೂಡಿಗೆ ಇಳಿಯುವುದಿಲ್ಲ. ಬಲವಂತವಾಗಿ ಇಳಿಸಿದರೆ ಲ್ಯಾಕರ್ ಸಿಡಿಯುತ್ತದೆ, ತಂತಿ ಫ್ರೆಟ್‌ಬೋರ್ಡಿನ ಅಂಚಿನಿಂದ ಜಾರುತ್ತದೆ. ಆಮೇಲೆ ‘ಅಗ್ಗದ ಮಾಲು, ಇನ್ನೇನಾಗುತ್ತೆ’ ಎಂದು ಕಿಟ್ಟಿಗೆ ಬೈಗುಳ. ಬೆಂಗಳೂರು, ಮಂಗಳೂರಿನ ಓದುಗರೂ ಇಂಥದೇ ಫೋಟೊ ಕಳಿಸಿ ಪರಿಹಾರ ಕೇಳುತ್ತಾರೆ. ಕಿಟ್ಟಿನ ದೋಷ ಇದರಲ್ಲಿ ಕಡಿಮೆ. ಕೆಲಸದ ಸರದಿಯೇ ತಲೆಕೆಳಗಾಗಿದೆ.

ಸರಿಯಾದ ಸರದಿ ಹೀಗೆ: ಬಣ್ಣ, ಪಾಲಿಶ್ ಏನೂ ಇಲ್ಲದೆ ಇಡೀ ಗಿಟಾರ್ ಜೋಡಿಸಿ, ತಂತಿ ಹಾಕಿ, ಬಾರಿಸಿ ನೋಡಿ. ಎಲ್ಲ ಸರಿಯಿದ್ದರೆ ಬಿಚ್ಚಿ ಪಾಲಿಶ್ ಮಾಡಿ, ಮತ್ತೆ ಜೋಡಿಸಿ. ಗುಜರಾತಿನಲ್ಲಿರುವವರು ಇದನ್ನು ಎರಡು ಋತುಗಳಿಗೆ ಹಂಚಿಕೊಳ್ಳುವುದೇ ಜಾಣತನ. ಮರಗೆಲಸ ಮಳೆಗಾಲದಲ್ಲಿ, ಪಾಲಿಶ್ ದೀಪಾವಳಿ ಕಳೆದ ಮೇಲೆ. ನವರಾತ್ರಿಗೆ ಬರಿಮರದ ಗಿಟಾರನ್ನೇ ಬಾರಿಸಿ. ಗರ್ಬಾ ಆಡುವವರು ಯಾರೂ ನಿಮ್ಮ ಗಿಟಾರಿನ ಹೊಳಪು ನೋಡಲು ಬಂದಿರುವುದಿಲ್ಲ.

ಹೀಗೆ ಬಿಚ್ಚಿ ಜೋಡಿಸುವ ಅನುಕೂಲ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್‌ನ ಕೊಡುಗೆ. 1951ರಲ್ಲಿ ಆತ ಕ್ಯಾಲಿಫೋರ್ನಿಯಾದಿಂದ ಮಾರುಕಟ್ಟೆಗೆ ಬಿಟ್ಟ ಪ್ರಿಸಿಷನ್ ಬೇಸ್‌ನಲ್ಲಿ ನೆಕ್ ಅಂಟಿಸಿರಲಿಲ್ಲ, ನಾಲ್ಕು ಸ್ಕ್ರೂಗಳಿಂದ ಬಿಗಿದಿತ್ತು. 1960ರಲ್ಲಿ ಜಾಝ್ ಬೇಸ್ ಬಂತು. ಈಗಿನ ಕಿಟ್‌ಗಳಲ್ಲಿ ಬಹುಪಾಲು ಇವೆರಡರ ಅಚ್ಚಿನವೇ. ಮೊದಲ ಸಲದವರು ಪ್ರಿಸಿಷನ್ ಮಾದರಿ ಕೊಳ್ಳಿ: ಒಂದು ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್. ಐದು ತಂತಿಯ ಹುಚ್ಚು ಸದ್ಯಕ್ಕೆ ಬೇಡ. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪೆಟ್ಟಿಗೆ ಬಂದ ಮೇಲೆ ಒಂದು ವಾರ ಮರ ನಿಮ್ಮ ಮನೆಯ ಹವೆಗೆ ಒಗ್ಗಲಿ. ಉಪಕರಣಗಳಿಗೆ ಹೆಚ್ಚು ಸುರಿಯಬೇಡಿ. ಎಲ್ಲಿಸ್‌ಬ್ರಿಜ್ ಬಳಿ ಸಾಬರಮತಿ ದಂಡೆಯಲ್ಲಿ ನಡೆಯುವ ರವಿವಾರಿ ಸಂತೆಯಲ್ಲಿ ಹಳೆಯ ಜಿ-ಕ್ಲ್ಯಾಂಪ್, ಅರ ಎಲ್ಲ ಸಿಗುತ್ತವೆ. ಡ್ರಿಲ್ ಬಿಟ್ ಮಾತ್ರ ಹೊಸದೇ ಇರಲಿ.

ನಡುಗೆರೆ ಮತ್ತು ಬ್ರಿಜ್

ಈ ಭಾಗವನ್ನು ಎರಡು ಸಲ ಓದಿ. ಪಾಲಿಶ್ ಕೆಟ್ಟರೆ ಉಜ್ಜಿ ತೆಗೆಯಬಹುದು. ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಜ್ ತಪ್ಪು ಜಾಗದಲ್ಲಿ ಕೂತರೆ ಆ ಗಿಟಾರ್ ಜನ್ಮದಲ್ಲಿ ಶ್ರುತಿಗೆ ನಿಲ್ಲುವುದಿಲ್ಲ.

ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರಸ್ಥಾನ ಕದಲಿದರೆ ಮೇಳ ಕಟ್ಟುವವರು ಮೇಣ ಕರಗಿಸಿ ಮೆಟ್ಟಿಲನ್ನೇ ಸರಿಸಿ ಕೂರಿಸುತ್ತಾರೆ. ಬೇಸ್ ಗಿಟಾರಿನ ಫ್ರೆಟ್ ಮರಕ್ಕೆ ಹೊಡೆದದ್ದು, ಒಂದು ಕೂದಲೆಳೆಯಷ್ಟೂ ಸರಿಯದು. ಸರಿಯುವುದು ಬ್ರಿಜ್ ಮೇಲಿನ ಸ್ಯಾಡಲ್ ಮಾತ್ರ, ಅದೂ ಒಂದೆರಡು ಸೆಂಟಿಮೀಟರ್ ಒಳಗೆ. ಹಾಗಾಗಿ ಬ್ರಿಜ್ಜಿನ ಜಾಗ ಮಿಲಿಮೀಟರ್ ಲೆಕ್ಕದಲ್ಲಿ ಸರಿಯಿರಬೇಕು.

ಅಳತೆ ಹೀಗೆ. ಪೂರ್ಣ ಅಳತೆಯ ಬೇಸ್‌ನಲ್ಲಿ ತಂತಿ ಕಂಪಿಸುವ ಉದ್ದ 34 ಇಂಚು, ಅಂದರೆ ಸುಮಾರು 864 ಮಿ.ಮೀ. ಕಿಟ್ ಜೊತೆ ಬಂದ ಚೀಟಿಯನ್ನು ನಂಬಬೇಡಿ, ನಿಮ್ಮ ನೆಕ್ಕನ್ನೇ ಅಳೆಯಿರಿ. ನಟ್‌ನ (ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಒಳ ಅಂಚಿನಿಂದ 12ನೇ ಫ್ರೆಟ್‌ನ ನೆತ್ತಿಯವರೆಗೆ 432 ಮಿ.ಮೀ. ಇದ್ದರೆ, ಅಲ್ಲಿಂದ ಸ್ಯಾಡಲ್‌ಗೂ ಅಷ್ಟೇ ದೂರ ಬೇಕು. ಬಟ್ಟೆ ಹೊಲಿಯುವವರ ಟೇಪು ಹಿಗ್ಗುತ್ತದೆ, ಅದು ಬೇಡ. ಒಂದು ಮೀಟರ್ ಉದ್ದದ ಸ್ಟೀಲ್ ಸ್ಕೇಲು ತನ್ನಿ.

ಮೊದಲು ನೆಕ್ಕನ್ನು ಗೂಡಿನಲ್ಲಿ ಇಳಿಸಿ ಕ್ಲ್ಯಾಂಪ್ ಹಾಕಿ. ಕ್ಲ್ಯಾಂಪಿನ ಬಾಯಿಗೆ ರಟ್ಟು ಕೊಡಿ, ಇಲ್ಲವಾದರೆ ಮೆದು ಮರದ ಬಾಡಿಗೆ ಗುರುತು ಬೀಳುತ್ತದೆ. ಬ್ರಿಜ್ಜನ್ನು ಬಾಡಿಯ ಮೇಲೆ ಸುಮ್ಮನೆ ಇಟ್ಟು ಮಾಸ್ಕಿಂಗ್ ಟೇಪಿನಿಂದ ಹಿಡಿಸಿ. ನಟ್‌ನ ಎರಡು ಹೊರಗಿನ ಕಚ್ಚುಗಳಿಂದ ಬ್ರಿಜ್ಜಿನ ಎರಡು ಹೊರಗಿನ ಸ್ಯಾಡಲ್‌ಗಳಿಗೆ ದಾರ ಬಿಗಿಯಾಗಿ ಎಳೆದು ಕಟ್ಟಿ. ಈಗ ಕೊನೆಯ ಫ್ರೆಟ್ ಮೇಲೆ ಕಣ್ಣು ನೇರ ಇಟ್ಟು ನೋಡಿ. ಎಡದ ದಾರಕ್ಕೂ ಎಡ ಅಂಚಿಗೂ ಎಷ್ಟು ಅಂತರವಿದೆಯೋ ಬಲದಲ್ಲೂ ಅಷ್ಟೇ ಇರಬೇಕು. ಒಂದು ಕಡೆ 4 ಮಿ.ಮೀ., ಇನ್ನೊಂದು ಕಡೆ 1 ಮಿ.ಮೀ. ಇದ್ದರೆ ಬೆರಳು ಕೊಂಚ ಎಳೆದರೂ ತಂತಿ ಅಂಚಿನಿಂದ ಕೆಳಗೆ ಬೀಳುತ್ತದೆ. ಸರಿಪಡಿಸಲು ಮೊದಲು ನೆಕ್ಕನ್ನು ಗೂಡಿನಲ್ಲೇ ಕೊಂಚ ಅಲುಗಿಸಿ ನೋಡಿ. ಅದು ಸಾಲದಿದ್ದರೆ ಮಾತ್ರ ಬ್ರಿಜ್ಜನ್ನು ಪಕ್ಕಕ್ಕೆ ಸರಿಸಿ. ಬಾಡಿಯ ಮೇಲಿನ ಅಂಟಿನ ಸೇರುಗೆರೆಯನ್ನು ನಡುಗೆರೆ ಎಂದು ನಂಬುವವರಿದ್ದಾರೆ. ಅದಕ್ಕೂ ನೆಕ್ಕಿಗೂ ಸಂಬಂಧವಿಲ್ಲ. ನೆಕ್ ಎತ್ತ ನೋಡುತ್ತದೋ ಅದೇ ನಡುಗೆರೆ.

ಇನ್ನು ಮುಂದು–ಹಿಂದಿನ ಜಾಗ. ಅತಿ ತೆಳು ತಂತಿಯ, ಅಂದರೆ ಜಿ ತಂತಿಯ ಸ್ಯಾಡಲ್ಲನ್ನು ಮುಂದಕ್ಕೆ ತನ್ನಿ, ಆದರೆ ತೀರಾ ಕೊನೆಗಲ್ಲ, ಎರಡು ಮೂರು ಮಿ.ಮೀ. ಉಳಿಸಿ. ಆ ಸ್ಯಾಡಲ್ ಸರಿಯಾಗಿ 864 ಮಿ.ಮೀ.ಗೆ ಬರುವಂತೆ ಇಡೀ ಬ್ರಿಜ್ಜನ್ನು ಇಡಿ. ದಪ್ಪ ತಂತಿ ಒತ್ತಿದಾಗ ಶ್ರುತಿ ಹೆಚ್ಚು ಏರುತ್ತದೆ, ಹಾಗಾಗಿ ಇ ತಂತಿಯ ಸ್ಯಾಡಲ್ ಇನ್ನೂ ನಾಲ್ಕೈದು ಮಿ.ಮೀ. ಹಿಂದಕ್ಕೆ ಹೋಗಬೇಕಾಗುತ್ತದೆ. ಹಿಂದಕ್ಕೆ ಹೋಗಲು ಜಾಗವಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಕಾರ್ಖಾನೆಯಲ್ಲೇ ತೂತು ಹಾಕಿ ಕಳಿಸಿದ ಕಿಟ್ಟಾದರೂ ಈ ಪರೀಕ್ಷೆ ಬಿಡಬೇಡಿ. ತೂತು ತಪ್ಪಿದ್ದರೆ ಗಟ್ಟಿ ಮರದ ಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಂದು ದಿನ ಬಿಟ್ಟು ಹೊಸ ತೂತು ಕೊರೆಯಿರಿ. ಬ್ರಿಜ್ಜಿನ ಅಡಿಯಿಂದ ವೈರಿಂಗ್ ಗೂಡಿಗೆ ಅರ್ಥಿಂಗ್ ತಂತಿ ಹೋಗಲು ಓರೆಯಾದ ಸಣ್ಣ ತೂತೂ ಬೇಕು. ಪಾಲಿಶ್ ಮುಗಿದ ಮೇಲೆ ಅದನ್ನು ಕೊರೆಯುವ ಸಂಕಟ ಯಾರಿಗೂ ಬೇಡ.

ನೆಕ್ಕಿನ ನಾಲ್ಕು ಸ್ಕ್ರೂಗಳಿಗೆ ಮೇಪಲ್ ಮರದಲ್ಲಿ 3 ಮಿ.ಮೀ. ತೂತು. ಬಿಟ್ಟಿಗೆ ಆಳದ ಗುರುತಿಗೆ ಟೇಪು ಸುತ್ತಿ, ಇಲ್ಲವಾದರೆ ಫ್ರೆಟ್‌ಬೋರ್ಡ್ ತೂರಿಕೊಂಡು ಬರುತ್ತದೆ. ಸ್ಕ್ರೂಗೆ ಮೇಣದಬತ್ತಿ ಉಜ್ಜಿ ಕೈಯಿಂದಲೇ ತಿರುಗಿಸಿ. ಪವರ್ ಡ್ರೈವರ್ ಹಾಕಿದರೆ ಸ್ಕ್ರೂ ತಲೆ ಹರಿದು ಮುಂಡ ಒಳಗೇ ಉಳಿಯುತ್ತದೆ. ಹೆಡ್‌ಸ್ಟಾಕ್ ಹಲಗೆಯಂತೆ ಚಪ್ಪಟೆ ಬಂದಿದ್ದರೆ ನಿಮ್ಮದೇ ಆಕಾರ ಬರೆದು ಕತ್ತರಿಸಿ. ನಟ್‌ನಿಂದ ಶ್ರುತಿ ಕೀಲಿಗೆ ತಂತಿ ಆದಷ್ಟು ನೇರವಾಗಿ ಹೋಗಲಿ.

ಈಗ ತಂತಿ ಹಾಕಿ ಬಾರಿಸಿ. ನಾಲ್ಕು ತಂತಿ ಸೇರಿ ಸುಮಾರು 70 ಕಿಲೋ ಎಳೆತ. ಈ ಎಳೆತದಲ್ಲಿ ಒಂದು ವಾರ ನಿಂತರೆ ಕಿಟ್ಟಿನ ಹುಳುಕು ಏನಿದ್ದರೂ ಹೊರಬೀಳುತ್ತದೆ. ನೆಕ್ಕಿನ ಹಿಂಬದಿಗೆ ಮಾತ್ರ ಬಿಸಿಲಿರುವ ದಿನ ನೋಡಿ ತೆಳುವಾಗಿ ಒಂದು ಕೈ ಸೀಲರ್ ಬಟ್ಟೆಯಲ್ಲಿ ಒರೆಸಿ, ಬರಿ ಮೇಪಲ್ ತೇವ ಹೀರಿ ಬಾಗುತ್ತದೆ. ಬಾಡಿಗೆ ಮುಂದೆ ಸ್ಟೇನ್ ಹಚ್ಚುವ ಇರಾದೆಯಿದ್ದರೆ ಸೀಲರ್ ಬೇಡ. ಸೀಲರ್ ಹೀರಿದ ಮರ ಬಣ್ಣ ಹೀರದು.

ಪಾಲಿಶ್ ಯಾವಾಗ, ಹೇಗೆ

ಅಹಮದಾಬಾದ್, ವಡೋದರಾದಲ್ಲಿ ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಸೂರತ್ ಸಮುದ್ರಕ್ಕೆ ಹತ್ತಿರ, ಅಲ್ಲಿ ಬೆಳಗಿನ ತೇವ ಆರಿದ ಮೇಲೇ ಕೆಲಸ. ಮಳೆಗಾಲದಲ್ಲಿ ಮಬ್ಬು ಬರುವುದಕ್ಕೆ ಕಾರಣ ಸರಳ: ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ನೀರಾಗಿ ಲ್ಯಾಕರ್ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಇದರ ತದ್ವಿರುದ್ಧ. 42 ಡಿಗ್ರಿಯಲ್ಲಿ ಹನಿ ಗಾಳಿಯಲ್ಲೇ ಒಣಗಿ ಉಪ್ಪುಕಾಗದದ ಹಾಗೆ ತರಿತರಿಯಾಗಿ ಕೂರುತ್ತದೆ, ಮೇಲಿಂದ ಧೂಳು. ಜನವರಿ 14ರ ಉತ್ತರಾಯಣದ ಆಜುಬಾಜು ಬಾಡಿಯನ್ನು ತಾರಸಿಯಲ್ಲಿ ಒಣಗಲು ಬಿಡಬೇಡಿ. ಊರಿಗೆ ಊರೇ ಗಾಳಿಪಟ ಹಿಡಿದು ಮೇಲೆ ಇರುತ್ತದೆ, ಹಸಿ ಲ್ಯಾಕರ್ ಮೇಲೆ ಮಾಂಜಾ ಬಿದ್ದರೆ ಎಳೆದು ತೆಗೆಯಲಾಗದು.

ಬಡಗಿಗಳು ಮೆಲಮೈನ್ ಮಾಡಿಸಿ ಎನ್ನುತ್ತಾರೆ, ಪಿಯು (ಪಾಲಿಯುರೆಥೇನ್) ಎನ್ನುತ್ತಾರೆ. ಎರಡೂ ಗಟ್ಟಿ, ಆದರೆ ಗೀರು ಬಿದ್ದರೆ ರಿಪೇರಿ ಕಷ್ಟ. ಎರಡು ಡಬ್ಬ ಬೆರೆಸುವ ಪಿಯುವಿನ ಹಾರ್ಡ್‌ನರ್ ಶ್ವಾಸಕೋಶಕ್ಕೆ ಅಪಾಯಕಾರಿ, ಫ್ಲ್ಯಾಟಿನ ಬಾಲ್ಕನಿಯಲ್ಲಿ ಅದನ್ನು ಸ್ಪ್ರೇ ಮಾಡಲೇಬೇಡಿ. ನನ್ನ ಮತ ಸ್ಪ್ರೇ ಡಬ್ಬದ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್‌ಗೆ. ಅದು ಕೂಡ ಬೆಂಕಿಗೆ ಬೇಗ ಹತ್ತಿಕೊಳ್ಳುವ ಮಾಲು, ಅಡುಗೆಮನೆಯ ಒಲೆಯಿಂದ ದೂರ, ಮಾಸ್ಕ್ ಹಾಕಿ, ಕಿಟಕಿ ತೆರೆದು ಕೆಲಸ ಮಾಡಿ. ‘ಅರಗಿನ ಹೊಳಪು ಆಗದೇ?’ ಎಂದು ಕೇಳುವವರಿದ್ದಾರೆ. ಚನ್ನಪಟ್ಟಣದ ಬೊಂಬೆಗೂ ವಡೋದರಾ ಬಳಿಯ ಸಂಖೇಡಾದ ತೇಗದ ಪೀಠೋಪಕರಣಕ್ಕೂ ಅರಗು ಹಿಡಿಯುವುದು ಚರಕಿಯ ಮೇಲೆ, ತಿರುಗುವ ಮರದ ಬಿಸಿಗೆ. ಗಿಟಾರ್ ಬಾಡಿ ಚರಕಿ ಏರುವುದಿಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಹಚ್ಚಬಹುದು, ಆದರೆ ಮುಂಗೈ ಒರಗುವಲ್ಲಿ ಬೆವರಿಗೆ ಮೆತ್ತಗಾಗುತ್ತದೆ.

ಉಪ್ಪುಕಾಗದ 120ರಿಂದ ಶುರು, ಆಮೇಲೆ 180, 240, 320. ನಡುವೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಎದ್ದ ಮರದ ರೋಮ ಒಣಗಿದ ಮೇಲೆ ಮತ್ತೆ ಉಜ್ಜಿ. ಕಾರ್ಖಾನೆಯ ಅಂಟಿನ ಕಲೆ ಬರಿಗಣ್ಣಿಗೆ ಕಾಣದು. ಥಿನ್ನರ್ ಒರೆಸಿದರೆ ಆ ಜಾಗ ಪೇಲವವಾಗಿ ಎದ್ದು ಕಾಣುತ್ತದೆ, ಪೂರ್ತಿ ತೆಗೆಯದೆ ಸ್ಟೇನ್ ಹಚ್ಚಬೇಡಿ. ನೆಕ್ಕಿನ ಗೂಡಿಗೆ ಟೇಪು ಅಂಟಿಸಿ. ಕೀಲಿಗಳ ತೂತುಗಳಿಗೆ ಸುರುಳಿ ಸುತ್ತಿದ ಕಾಗದ ತುರುಕಿ. ಅಲ್ಲಿ ಲ್ಯಾಕರ್ ಕೂತರೆ ಬುಷ್ ಒತ್ತುವಾಗ ಸುತ್ತಲೂ ಸೀಳುತ್ತದೆ. ಸೀಲರ್ ಎರಡು ಮೂರು ಕೈ, 320ರಲ್ಲಿ ಉಜ್ಜಿ, ಮೇಲೆ ಲ್ಯಾಕರ್ ತೆಳ್ಳಗೆ, ದಿನಕ್ಕೆ ಮೂರೋ ನಾಲ್ಕೋ ಕೈ, ಒಟ್ಟು ಎಂಟು ಹತ್ತು. ಇಳಿದು ಹನಿಕಟ್ಟಿದರೆ ಹಸಿಯಲ್ಲಿ ಮುಟ್ಟಬೇಡಿ.

ಆಮೇಲೆ ಮೂರು ನಾಲ್ಕು ವಾರ ಸುಮ್ಮನೆ ತೂಗುಹಾಕಿ. ಮೂಗು ಹತ್ತಿರ ಒಯ್ದಾಗ ಥಿನ್ನರ್ ವಾಸನೆ ಬಂದರೆ ಇನ್ನೂ ಒಣಗಿಲ್ಲ. ಪೂರ್ತಿ ಒಣಗಿದ ಮೇಲೆ 1000, 1500, 2000ರ ವಾಟರ್ ಪೇಪರ್, ಕೊನೆಗೆ ಕಾರಿಗೆ ಬಳಸುವ ರಬ್ಬಿಂಗ್ ಕಾಂಪೌಂಡ್. ಅಂಚುಗಳಲ್ಲಿ ಕೈ ಹಗುರ ಇರಲಿ, ಸ್ಕ್ರೂ ತೂತಿಗೆ ನೀರು ಇಳಿಯದಿರಲಿ. ರಬ್ಬರ್ ಕೈಯಿರುವ ಸ್ಟ್ಯಾಂಡಿನಲ್ಲಿ ಈ ಗಿಟಾರ್ ನಿಲ್ಲಿಸಿದರೆ ಲ್ಯಾಕರ್ ಕರಗಿ ಗುರುತು ಕೂರುತ್ತದೆ, ಹತ್ತಿ ಬಟ್ಟೆ ಸುತ್ತಿ.

ವೈರಿಂಗ್, ಶ್ರುತಿ

ಬರೆಯಲು ಜಾಗ ಕಡಿಮೆ ಇರುವುದರಿಂದ ಮುಖ್ಯವಾದದ್ದಷ್ಟೇ. ಕಿಟ್ಟಿನ ಪೊಟೆನ್ಷಿಯೊಮೀಟರ್ ಸರಿಯಿಲ್ಲವಾದರೆ ರಿಲೀಫ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 250 ಕಿಲೋಓಮ್‌ನದು ಕೇಳಿ. ಟೋನ್‌ಗೆ 473 ಎಂದು ಬರೆದಿರುವ ಕೆಪಾಸಿಟರ್. ಕೊಳಾಯಿ ಕೆಲಸದ ಆ್ಯಸಿಡ್ ಫ್ಲಕ್ಸ್ ಬೇಡ, ರೋಸಿನ್ ಇರುವ ಸೋಲ್ಡರ್ ಸಾಕು. ಮುಚ್ಚುವ ಮುನ್ನ ಮಲ್ಟಿಮೀಟರಿನ ಒಂದು ಕಡ್ಡಿ ಬ್ರಿಜ್ಜಿಗೆ, ಇನ್ನೊಂದು ಜಾಕಿನ ಅರ್ಥಿಂಗ್ ಕಾಲಿಗೆ: ಬೀಪ್ ಬಂದರೆ ಗುಂಯ್‌ಗುಡುವ ಕಾಟ ಕಡಿಮೆ. ಹೊಸ ತಂತಿಯನ್ನು ಕೀಲಿಯಿಂದಾಚೆ ಹತ್ತು ಸೆಂ.ಮೀ. ಬಿಟ್ಟು, ಮೊದಲು ಮಡಚಿ, ಮಡಿಕೆಯ ಆಚೆಗೆ ಕತ್ತರಿಸಿ.

ಶ್ರುತಿ ಮಾಡಿದ ಮೇಲೆ ಇ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಲಿ. ಸಂದು ಹೆಚ್ಚಿದ್ದರೆ ನೆಕ್ಕಿನೊಳಗಿನ ಟ್ರಸ್ ರಾಡ್ ಬಲಕ್ಕೆ ಕಾಲು ಸುತ್ತು, ಕಡಿಮೆಯಿದ್ದರೆ ಎಡಕ್ಕೆ. ಒಂದು ದಿನಕ್ಕೆ ಅಷ್ಟೇ. 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ಇ ಕಡೆ 2.5, ಜಿ ಕಡೆ 2 ಮಿ.ಮೀ. ಕೊನೆಯಲ್ಲಿ ಸ್ಯಾಡಲ್: 12ನೇ ಫ್ರೆಟ್ ಒತ್ತಿ ಮೀಟಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ ಏರಿದ್ದರೆ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಏಪ್ರಿಲ್ ಒಣಹವೆಯಲ್ಲಿ ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಅಂಗೈಗೆ ಚುಚ್ಚತೊಡಗಿದರೆ ಗಾಬರಿ ಬೇಡ. ಸಣ್ಣ ಅರದಿಂದ ತುದಿ ಮಾತ್ರ ಉಜ್ಜಿ, ಪಕ್ಕದ ಮರಕ್ಕೆ ಟೇಪು ಅಂಟಿಸಿಕೊಂಡು.