ಬಾಡಿಗೆ ಮನೆಯ ಬೂಷ್ಟಿಗೆ ಹೊಣೆ ಯಾರು?

ಕೋಲಾರ ಜಿಲ್ಲೆ ಬರಕ್ಕೆ ಹೆಸರಾದದ್ದು. ಆದರೂ ಇಲ್ಲಿನ ಬಾಡಿಗೆ ಮನೆಗಳಲ್ಲಿ ಗೋಡೆ ಬೂಷ್ಟು ಹಿಡಿಯುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಮಳೆ ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ನೀರಿನ ಕೊರತೆಯೇ. ಟ್ಯಾಂಕರ್ ನೀರನ್ನೂ ಬೋರ್‌ವೆಲ್ ನೀರನ್ನೂ ಸಂಪು, ಡ್ರಮ್ಮು, ತಾರಸಿ ಮೇಲಿನ ಟ್ಯಾಂಕುಗಳಲ್ಲಿ ಕೂಡಿಡಬೇಕಾಗುತ್ತದೆ, ಹಾಗೆ ಕೂಡಿಟ್ಟ ನೀರು ಗೋಡೆಗೆ ಇಳಿಯುತ್ತದೆ. ಬೂಷ್ಟಿಗೆ ಮಳೆಗಾಲವೇ ಬೇಕೆಂದಿಲ್ಲ, ಒದ್ದೆ ಗೋಡೆ ಸಾಕು. ಈ ಸಲ ಐದು ಪತ್ರಗಳಿಗೆ ಉತ್ತರ.

ಪ್ರಶ್ನೆ: 11 ತಿಂಗಳ ಅಗ್ರಿಮೆಂಟಿನ ಮೇಲೆ ಬಾಡಿಗೆಗಿದ್ದೇವೆ. ಮಲಗುವ ಕೋಣೆಯ ಗೋಡೆ ಕಪ್ಪಗಾಗಿದೆ. ಓನರ್‌ಗೆ ಹೇಳಿದರೆ, "ನೀವು ಒಳಗೆ ಬಟ್ಟೆ ಒಣಗಿಸ್ತೀರಿ, ಕಿಟಕಿ ತೆಗೆಯಲ್ಲ, ಅದಕ್ಕೇ ಹೀಗಾಗಿದೆ" ಅಂತಾರೆ. ಹೋದ ವರ್ಷ ಪೇಂಟ್ ಹೊಡೆಸಿದ್ದರು. ಎರಡೇ ತಿಂಗಳಿಗೆ ಮತ್ತೆ ಬಂತು. ತಪ್ಪು ಯಾರದು?
— ಗೃಹಿಣಿ, ಮಾಲೂರು

ಉತ್ತರ: ಇದನ್ನು ವಾದ ಮಾಡಿ ತೀರ್ಮಾನಿಸಬೇಕಿಲ್ಲ, ಗೋಡೆ ನೋಡಿದರೆ ತಿಳಿಯುತ್ತದೆ. ಒದ್ದೆ ನೆಲದಿಂದ ಮೇಲೆ ಹತ್ತಿ ಮೂರು ನಾಲ್ಕು ಅಡಿಯಲ್ಲಿ ನಿಂತಿದ್ದರೆ ತಳಪಾಯದ ತೇವ ಗೋಡೆಗೇರುತ್ತಿದೆ. ಸೂರಿನಿಂದ ಇಳಿದಿದ್ದರೆ ತಾರಸಿ ಬಿರುಕನ್ನೋ ತುಂಬಿ ಹರಿಯುವ ಟ್ಯಾಂಕನ್ನೋ ನೋಡಿ. ಬಚ್ಚಲಿನ ಆಚೆ ಬದಿಯ ಗೋಡೆಯಲ್ಲಿ ಮಾತ್ರ ಇದ್ದರೆ ಒಳಗಿನ ಪೈಪು ಸೋರುತ್ತಿರಬಹುದು. ಈ ಮೂರೂ ಕಟ್ಟಡದ ದೋಷಗಳು. ಬೀರುವಿನ ಹಿಂದೆ, ಮೂಲೆಗಳಲ್ಲಿ, ಶೀಟಿನ ಮಾಡಿನ ಕೆಳಗೆ ಚಳಿಗಾಲದಲ್ಲಷ್ಟೇ ಕಾಣಿಸಿಕೊಂಡರೆ ಅಡುಗೆಯ ಹಬೆ, ಒದ್ದೆ ಬಟ್ಟೆ, ಗಾಳಿಯ ಕೊರತೆ ಕಾರಣವಾಗಿರಬಹುದು.

ಅನುಮಾನವಿದ್ದರೆ ಒಂದು ಪರೀಕ್ಷೆ ಮಾಡಿ. ಗೋಡೆಯ ಮೇಲೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ನೀರಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಮೇಲ್ಮೈ ಮೇಲೆ, ಕೋಣೆಯ ಕಡೆ ಹನಿಗಟ್ಟಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚಿದೆ. ಗೋಡೆಯಲ್ಲಿ ಬಿಳಿ ಪುಡಿ ಕಂಡರೆ ನೀರು ಚಿಮುಕಿಸಿ. ಕರಗಿದರೆ ಅದು ಉಪ್ಪು, ಕರಗದಿದ್ದರೆ ಬೂಷ್ಟು. ಉಪ್ಪಿನಿಂದ ಕೆಮ್ಮು ಬರುವುದಿಲ್ಲ, ಆದರೆ ಗೋಡೆಯೊಳಗೆ ನೀರು ಓಡಾಡುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಈ ಪರೀಕ್ಷೆಯ ಫೋಟೊಗಳನ್ನು ದಿನಾಂಕದೊಂದಿಗೆ ಓನರ್‌ಗೆ ವಾಟ್ಸಾಪ್ ಮಾಡಿ. ನೀರಿನ ದಾರಿ ಮುಚ್ಚದೆ ಎಷ್ಟು ಸಲ ಪೇಂಟ್ ಹೊಡೆಸಿದರೂ ಬೂಷ್ಟು ಹೋಗುವುದಿಲ್ಲ.

ಪ್ರಶ್ನೆ: ನಮ್ಮ ಮಗನಿಗೆ ನಾಲ್ಕು ವರ್ಷ. ರಾತ್ರಿಯೆಲ್ಲ ಕೆಮ್ಮು, ಎದೆಯಲ್ಲಿ ಸುಂಯ್ ಎನ್ನುವ ಸದ್ದು. ಅಜ್ಜಿ ಮನೆಗೆ ಹೋದರೆ ಕಡಿಮೆಯಾಗುತ್ತೆ. ಗೋಡೆಯ ಬೂಷ್ಟಿನಿಂದ ಹೀಗಾಗುತ್ತಾ?
— ಒಬ್ಬ ತಾಯಿ, ಕೋಲಾರ

ಉತ್ತರ: ಆಗಬಹುದು. ಬೇರೆ ಮನೆಯಲ್ಲಿ ಕಡಿಮೆಯಾಗುತ್ತದೆ ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ, ಚೀಟಿಯಲ್ಲೂ ಬರೆಸಿಕೊಳ್ಳಿ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಉಬ್ಬಸ, ಕೆಮ್ಮು, ಶ್ವಾಸಕೋಶದ ಸೋಂಕು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದೆ. ಇಷ್ಟು ಬೂಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಿತಿಯನ್ನು ಅದು ಕೊಟ್ಟಿಲ್ಲ. ತೇವವನ್ನೇ ನಿವಾರಿಸಿ ಎನ್ನುತ್ತದೆ. ಹಾಗಾಗಿ ಯಾವ ಜಾತಿಯ ಬೂಷ್ಟು ಎಂದು ತಿಳಿಯಲು ಲ್ಯಾಬಿಗೆ ದುಡ್ಡು ಸುರಿಯಬೇಡಿ.

ಕೆಮ್ಮೆಲ್ಲಾ ಬೂಷ್ಟಿನದೇ ಎಂದೂ ತಿಳಿಯಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯೂ ಸೇರಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಉಬ್ಬಸವೆಂದು ಖಚಿತವಾಗಿ ವೈದ್ಯರು ಇನ್ಹೇಲರ್ ಬರೆದರೆ ಅಂಜದೆ ಕೊಡಿ. ಮಗು ಉಸಿರಿಗೆ ಪರದಾಡಿದರೆ, ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಮಗುವಿನ ಹಾಸಿಗೆಯನ್ನು ಒಣಗಿದ ಕೋಣೆಗೆ ಹಾಕಿ. ಬೂಷ್ಟು ಸಣ್ಣ ಜಾಗದಲ್ಲಿದ್ದರೆ ದೊಡ್ಡವರು ಮಾಸ್ಕ್ ಹಾಕಿ, ಕಿಟಕಿ ತೆರೆದು, ಸೋಪಿನ ಪುಡಿ ಕಲಸಿದ ನೀರಿನಿಂದ ಉಜ್ಜಿ ಒರೆಸಿ ಒಣಗಿಸಿ. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಬೇಡಿ, ಪುಡಿ ಗಾಳಿಗೆ ಸೇರುತ್ತದೆ. ಬ್ಲೀಚಿಂಗ್ ಪೌಡರ್‌ಗೆ ಆಸಿಡ್ ಬೆರೆಸಲೇಬೇಡಿ, ಅದರಿಂದೇಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಬೂಷ್ಟು ತುಂಬಿದ ಬಾಡಿಗೆ ಮನೆಯಲ್ಲಿ ಬೆಳೆದು, ಉಸಿರಾಟದ ತೊಂದರೆಯಿಂದ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ತಂದೆ 2017ರಲ್ಲೇ ದೂರಿದ್ದರು, ಮೇಲೆ ಪೇಂಟ್ ಹೊಡೆಯಿರಿ ಎಂಬ ಉತ್ತರ ಬಂದಿತ್ತು. ಸಾವಿಗೆ ಬೂಷ್ಟೇ ಕಾರಣವೆಂದು 2022ರ ವಿಚಾರಣೆ ತೀರ್ಮಾನಿಸಿತು. ದೂರು ಬಂದ ಮೇಲೆ ನಿಗದಿತ ಅವಧಿಯಲ್ಲಿ ದುರಸ್ತಿ ಆಗಲೇಬೇಕೆನ್ನುವ ನಿಯಮಕ್ಕೆ ಅಲ್ಲಿನ 2023ರ ಕಾಯ್ದೆ ದಾರಿ ಮಾಡಿತು. ನಮ್ಮಲ್ಲಿ ಅಂಥ ನಿಯಮ ಬರುವವರೆಗೆ ಮಕ್ಕಳು ಕಾಯಲಾರರು. ಮಗುವಿರುವ ಮನೆಯ ದುರಸ್ತಿಯನ್ನು ಮುಂದೂಡಬಾರದು.

ಪ್ರಶ್ನೆ: ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಗೋಡೆಗೆ ಬೂಷ್ಟು ಬಂದಿದೆ, ಹುಳುವಿಗೆ ಸುಣ್ಣಕಟ್ಟು ಬಂದಿದೆ. ರಿಪೇರಿ ಖರ್ಚೆಲ್ಲ ನಮ್ಮದೇ ಅಂತಾರೆ ಮನೆಯವರು.
— ರೇಷ್ಮೆ ಬೆಳೆಗಾರ, ಶ್ರೀನಿವಾಸಪುರ

ಉತ್ತರ: ನಿಮ್ಮ ವಿಷಯದಲ್ಲಿ ಮನೆಯವರ ಮಾತಿಗೆ ಬಲವಿದೆ. ಚಾಕಿ (ಎಳೆಯ) ಹುಳುವಿಗೆ ಶೇ 80ರಿಂದ 90ರಷ್ಟು ತೇವಾಂಶ ಬೇಕು, ಆ ತೇವ ಗೋಡೆಗೂ ಇಳಿಯುತ್ತದೆ. ಯಾವ ಉದ್ದೇಶಕ್ಕೆ ಪಡೆದ ಸ್ವತ್ತೋ ಆ ಉದ್ದೇಶಕ್ಕೇ ಬಳಸಬೇಕು ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ. ವಾಸಕ್ಕೆಂದು ಪಡೆದ ಮನೆಯಲ್ಲಿ ಹುಳು ಸಾಕಲು ಒಪ್ಪಿಗೆ ಇತ್ತೇ ಎಂಬುದೇ ಮೊದಲ ಪ್ರಶ್ನೆ. ನಿಮ್ಮಿಂದಾದ ಹಾನಿಗೆ ಮಾಲೀಕರು ನೋಟಿಸ್ ಕೊಟ್ಟರೆ ಮೂರು ತಿಂಗಳಲ್ಲಿ ಸರಿಪಡಿಸುವ ಹೊಣೆಯೂ ನಿಮ್ಮದೇ. ಆದರೆ ತಾರಸಿ ಸೋರುತ್ತಿದ್ದರೆ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಎರಡನ್ನೂ ಬೇರೆ ಮಾಡಿ ಮಾತಾಡಿ.

ಸುಣ್ಣಕಟ್ಟು ತರುವುದು ಬೇರೊಂದು ಶಿಲೀಂಧ್ರ. ಗೋಡೆಯ ಬೂಷ್ಟಿಗೂ ಅದಕ್ಕೂ ಸಮಾನವಾದದ್ದು ತೇವ ಮತ್ತು ಗಾಳಿಯಾಡದಿರುವುದು. ಹುಳುಮನೆಗೆ ಹೊಡೆಯುವ ಫಾರ್ಮಲಿನ್, ಬ್ಲೀಚಿಂಗ್ ವಾಸನೆಯ ನಡುವೆ ಮನೆಮಂದಿ ಮಲಗುವುದಂತೂ ಖಂಡಿತ ಬೇಡ. ಪ್ರತ್ಯೇಕ ಹುಳು ಸಾಕಣೆ ಮನೆಗೆ ರೇಷ್ಮೆ ಇಲಾಖೆಯ ಸಹಾಯಧನವಿದೆ, ತಾಲ್ಲೂಕಿನ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಸೂರು ಸೋರುತ್ತೆ, ಎಷ್ಟು ಹೇಳಿದರೂ ಓನರ್ ರಿಪೇರಿ ಮಾಡಿಸಲ್ಲ. ಬಾಡಿಗೆ ನಿಲ್ಲಿಸಿಬಿಡಲಾ?
— ಕಾರ್ಮಿಕ, ನರಸಾಪುರ

ಉತ್ತರ: ನಿಲ್ಲಿಸಬೇಡಿ. ಬಾಡಿಗೆ ನಿಂತ ಕೂಡಲೇ ತಪ್ಪು ನಿಮ್ಮ ಮೇಲೆ ಬರುತ್ತದೆ. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟ ನಂತರವೂ ಸಮಂಜಸ ಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಅದೇ 108ನೇ ಕಲಂ ಅವಕಾಶ ಕೊಡುತ್ತದೆ. ತೊಡಕಿರುವುದು 'ಮಾಡಿಸಲೇಬೇಕಾದ' ಎಂಬಲ್ಲಿ. ಕರಾರಿನಲ್ಲಿ ದುರಸ್ತಿಯ ಮಾತೇ ಇಲ್ಲದಿದ್ದರೆ ಈ ಹಕ್ಕು ದುರ್ಬಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳ ಬಾಡಿಗೆಗೆ ದೊಡ್ಡ ನಗರಗಳಲ್ಲಿ 3,500, ಉಳಿದ ಊರುಗಳಲ್ಲಿ 2,000 ರೂಪಾಯಿಯ ಮಿತಿ ಹಾಕಿರುವುದರಿಂದ ಇಂದಿನ ಬಹುತೇಕ ಮನೆಗಳಿಗೆ ಅದರ ಆಸರೆ ಸಿಗುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ದೋಷವೇನು, ಯಾವಾಗಿನಿಂದ, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂದು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಗಾರೆ ಕೆಲಸದವರಿಂದ ಅಂದಾಜು ಖರ್ಚು ಬರೆಸಿಕೊಳ್ಳಿ. ಒಪ್ಪದಿದ್ದರೆ ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರಿಗೆ ಆಯಾ ನ್ಯಾಯಾಲಯದಲ್ಲೇ ತಾಲ್ಲೂಕು ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿಮ್ಮಂಥ ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಸಹಾಯವಾಣಿ 15100. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಡಿಕ್ರಿಯಷ್ಟೇ ಬೆಲೆ. ಮನೆಯನ್ನೇ ಬಿಡುವುದಾದರೆ ಕರಾರಿನಲ್ಲಿರುವಂತೆ ನೋಟಿಸ್ ಕೊಡಿ. ಕರಾರು ಇಲ್ಲದ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು.

ಪ್ರಶ್ನೆ: ಮೂರು ವರ್ಷಕ್ಕೆ ಮನೆ ಭೋಗ್ಯಕ್ಕೆ ಹಾಕಿಕೊಂಡಿದ್ದೇವೆ. ಕೋಣೆಯೆಲ್ಲ ಮುಗ್ಗಲು ವಾಸನೆ. ನಾವು ತಿಂಗಳ ಬಾಡಿಗೆ ಕೊಡಲ್ಲ, ಖರ್ಚು ಎಲ್ಲಿ ಹಿಡಿದುಕೊಳ್ಳೋದು? ಮುಂದೆ ಬೇರೆ ಮನೆ ಹಿಡಿದರೆ ಕರಾರಿನಲ್ಲಿ ಏನು ಬರೆಸಬೇಕು?
— ಅಂಗಡಿ ವ್ಯಾಪಾರಿ, ಮುಳಬಾಗಿಲು

ಉತ್ತರ: ನಿಮ್ಮ ಪತ್ರ ನೋಂದಣಿಯಾಗಿದೆಯೇ ನೋಡಿ. ಸ್ವಾಧೀನ ಕೊಟ್ಟು ಮಾಡುವ ಭೋಗ್ಯ ಅಡಮಾನಕ್ಕೂ ಒಂದು ವರ್ಷ ಮೀರಿದ ಲೀಸಿಗೂ ನೋಂದಣಿ ಕಡ್ಡಾಯ. ಬರೀ ಛಾಪಾ ಕಾಗದದ ಮೇಲೆ ಬರೆದುಕೊಂಡಿದ್ದರೆ ಅದರ ಷರತ್ತುಗಳನ್ನು ಕೋರ್ಟಿನಲ್ಲಿ ಸಾಬೀತುಪಡಿಸುವುದು ಕಷ್ಟ. ಆಗ ಹಣ ಕೊಟ್ಟ ಬ್ಯಾಂಕ್ ದಾಖಲೆಯೇ ನಿಮ್ಮ ಆಧಾರ. ಸರಿಯಾದ ಭೋಗ್ಯ ಅಡಮಾನವಾಗಿದ್ದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಆಸ್ತಿಯ ಆದಾಯದ ಮಿತಿಯಲ್ಲಿ ಅಗತ್ಯ ದುರಸ್ತಿ ಮಾಡಿಸುವ ಹೊಣೆ ಸ್ವಾಧೀನದಲ್ಲಿರುವ ನಿಮ್ಮ ಮೇಲೂ ಬೀಳುತ್ತದೆ. ಆದ್ದರಿಂದ ಖರ್ಚು ಮಾಡುವ ಮೊದಲೇ, ಅದು ಭೋಗ್ಯದ ಹಣಕ್ಕೆ ಸೇರಿ ವಾಪಸ್ ಬರುತ್ತದೆ ಎಂದು ಮಾಲೀಕರಿಂದ ಬರೆಸಿ ಸಹಿ ಹಾಕಿಸಿಕೊಳ್ಳಿ. ಭೋಗ್ಯದ ಹಣ ಕೈಗೆ ಬರುವವರೆಗೆ ಬೀಗದ ಕೈ ಒಪ್ಪಿಸಬೇಡಿ.

ಮುಂದಿನ ಮನೆಯ ಗೋಡೆಯನ್ನು ಅಡ್ವಾನ್ಸ್ ಕೊಡುವ ಮೊದಲು ಕೈಯಿಂದ ಮುಟ್ಟಿ ನೋಡಿ, ಒಂದೇ ಗೋಡೆಗೆ ಹೊಸ ಪೇಂಟ್ ಇದ್ದರೆ ಕಾರಣ ಕೇಳಿ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಪೈಪು ಬದಲಾವಣೆಗಳನ್ನು ಮಾಲೀಕರ ಪಾಲಿಗೂ, ನಲ್ಲಿ ವಾಷರ್, ಚರಂಡಿ ಶುಚಿಯಂಥವನ್ನು ಬಾಡಿಗೆದಾರರ ಪಾಲಿಗೂ ಹಂಚಿದೆ. ರಾಜ್ಯ ತನ್ನ ಕಾನೂನು ಮಾಡಿಕೊಳ್ಳದೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೆ ಆ ಹಂಚಿಕೆಯನ್ನು ನಿಮ್ಮ ಕರಾರಿನಲ್ಲಿ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಬಾಡಿಗೆ ಕರಾರಾದರೆ ಈ ಸಾಲುಗಳನ್ನು ಸೇರಿಸಿ: "ಸೂರು, ಗೋಡೆ, ಪೈಪು, ಸಂಪುಗಳ ಸೋರಿಕೆ ಮತ್ತು ತೇವವನ್ನು, ಲಿಖಿತವಾಗಿ ತಿಳಿಸಿದ 15 ದಿನಗಳೊಳಗೆ ಮಾಲೀಕರು ಸರಿಪಡಿಸತಕ್ಕದ್ದು. ತಪ್ಪಿದಲ್ಲಿ ಬಾಡಿಗೆದಾರರು ಸರಿಪಡಿಸಿ, ರಸೀದಿಯಂತೆ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳತಕ್ಕದ್ದು." ಭೋಗ್ಯವಾದರೆ 'ಬಾಡಿಗೆಯಲ್ಲಿ ಕಳೆದುಕೊಳ್ಳತಕ್ಕದ್ದು' ಎಂಬುದರ ಬದಲು 'ಭೋಗ್ಯದ ಹಣಕ್ಕೆ ಸೇರಿಸಿಕೊಳ್ಳತಕ್ಕದ್ದು' ಎಂದು ಬರೆಸಿ. ಒಳ್ಳೆಯ ಮಾಲೀಕರು ಇದಕ್ಕೆ ಹಿಂಜರಿಯುವುದಿಲ್ಲ, ಸೋರಿಕೆ ಬೇಗ ನಿಂತರೆ ಉಳಿಯುವುದು ಅವರದೇ ಮನೆ.