ಒಳಗೊಳಗೇ ಕಟ್ಟಿಕೊಳ್ಳಬೇಡಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಗಂಗಾವತಿಯ ಭತ್ತದ ರೈತರ ಎದೆ ನಡುಗಿತು. ಆದರೂ ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು.

ಮನಸ್ಸೂ ಹೀಗೆಯೇ. ಕುಷ್ಟಗಿ, ಯಲಬುರ್ಗಾದಲ್ಲಿ ಮಳೆ ಕೈಕೊಟ್ಟ ವರ್ಷ ಮಾಡಿದ ಸಾಲವನ್ನು ಎಷ್ಟೋ ಗಂಡಂದಿರು ಹೆಂಡತಿಗೂ ಹೇಳುವುದಿಲ್ಲ. ಮೌನವೇ ಧೈರ್ಯವೆಂದು ತಿಳಿಯುತ್ತಾರೆ. ಒಂದು ದಿನ ಕೊಂಡಿ ಕಳಚುತ್ತದೆ.

ಬಿರುಗಾಳಿಗೆ ಸಿಕ್ಕ ಶಿಷ್ಯರು ದೋಣಿಯಲ್ಲಿ ನಿದ್ರಿಸುತ್ತಿದ್ದ ಯೇಸುಸ್ವಾಮಿಯನ್ನು ಕೂಗಿ ಎಬ್ಬಿಸಿದರು (ಮಾರ್ಕ 4:35-41). ಸ್ವಾಮಿ ಮೊದಲು ಗಾಳಿಯನ್ನು ಗದರಿಸಿದರು. ಆಮೇಲಷ್ಟೇ ಅವರ ವಿಶ್ವಾಸವನ್ನು ಪ್ರಶ್ನಿಸಿದರು. ಆದ್ದರಿಂದ ಭಯವನ್ನು ಬಾಯಿಬಿಟ್ಟು ಹೇಳುವುದು ಪಾಪವಲ್ಲ, ಅದೂ ಪ್ರಾರ್ಥನೆಯೇ. ಆಂತರಿಕ ಶಾಂತಿಯೆಂದರೆ ಕಷ್ಟವೇ ಇಲ್ಲದಿರುವುದಲ್ಲ. ಕಷ್ಟದಲ್ಲಿ ಒಂಟಿಯಲ್ಲವೆಂಬ ಅರಿವು.

ಇಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂಡಿ ಕುಳಿತುಕೊಳ್ಳಿ. ಒಬ್ಬೊಬ್ಬರೂ ಒಂದೊಂದು ಚಿಂತೆ ಹೇಳಲಿ. ಯಾರೂ ನಡುವೆ ಬಾಯಿ ಹಾಕದಿರಲಿ, ಹಂಗಿಸದಿರಲಿ. ಕೈಲಾಗುವುದನ್ನು ನಾಳೆಯೇ ಆರಂಭಿಸಿ. ಕೈಮೀರಿದ್ದನ್ನು ದೇವರಿಗೆ ಒಪ್ಪಿಸಿ ಮಲಗಿ.

ಚಿಂತನೆಗೆ: ನಾನು ಯಾರಿಗೂ ಹೇಳದೆ ಹೊತ್ತಿರುವ ಭಾರ ಯಾವುದು?